ಆಯುಧಪೂಜೆಯ ದಿನ ಫೈನಲ್ಲು

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಬೋಗಾದಿಯ ಬಡಾವಣೆಗೆ ಈಗಲೂ ಬರುತ್ತಾಳೆ. ಸುತ್ತ ಗದ್ದೆಯಿದ್ದಲ್ಲಿ ಮನೆಗಳೆದ್ದು, ಮನೆಗಳಿದ್ದಲ್ಲಿ ಇನ್ನೊಂದು ಮಹಡಿ ಎದ್ದು, ಎಲ್ಲ ಬದಲಾದರೂ ಅವಳ ಕೂಗು ಮಾತ್ರ ಬದಲಾಗಿಲ್ಲ. ಮೊನ್ನೆ ನನ್ನ ಹೆಂಡತಿ ಸರೋಜ ನನ್ನ ಕಂದು ಬಣ್ಣದ ಪ್ಯಾಂಟೊಂದನ್ನು ಅವಳ ಕೈಗಿಟ್ಟು ಒಂದು ಜರಡಿಗೆ ಚೌಕಾಸಿ ಮಾಡುತ್ತಿದ್ದಳು. ಆ ಪ್ಯಾಂಟು ನನ್ನ ಸೊಂಟಕ್ಕೆ ಹಿಡಿಸದೆ ಎಷ್ಟೋ ವರ್ಷವಾಗಿದೆ, ಒಪ್ಪಿದೆ. ಆದರೆ ಹಿಡಿಸೀತು ಎಂಬ ಆಸೆ ಹಿಡಿಸುವುದಕ್ಕಿಂತ ದೊಡ್ಡದಲ್ಲವೇ? ಪಾತ್ರೆಯವಳು ಜೇಬು ತಡಕಿ ಒಂದು ನೀಲಿ ಬಣ್ಣದ ಚೌಕನೆ ತುಂಡು ತೆಗೆದು ಮೂಸಿ ನೋಡಿದಳು.

"ಇದೇನ್ರೀ ಇದು? ಇಲಿ ಪಾಷಾಣ ಜೇಬಲ್ಲಿಟ್ಕೊಂಡು ಓಡಾಡ್ತಿದ್ರಾ?" ಅಂದಳು ಸರೋಜ.

"ಪೂಲ್ ಆಡೋ ಚಾಕ್‌ಪೀಸು ಕಣೇ. ಸ್ಟಿಕ್ಕಿನ ತುದಿಗೆ ಉಜ್ಜೋದು."

"ಸರಿ, ಪ್ಯಾಂಟು ಕೊಟ್ಬುಡ್ಲಾ?"

ಕೇಳಿದ್ದು ಯಾವಾಗ ನೋಡಿ. ಪ್ಯಾಂಟು ಆಗಲೇ ಆ ಹೆಂಗಸಿನ ಗಂಟಿನೊಳಗೆ ಅರ್ಧ ಇಳಿದಿತ್ತು, ಜರಡಿ ಸರೋಜನ ಕೈಯಲ್ಲಿತ್ತು, ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು "ಪರವಾಗಿಲ್ಲ ಬಿಡು, ಕೊಡು" ಅಂದೆ. ನನಗೆ ಕೊಡಲು ಎಳ್ಳಷ್ಟೂ ಇಷ್ಟವಿರಲಿಲ್ಲ.

ನಮ್ಮ ಮೈಸೂರಿನವರ ಈ "ಪರವಾಗಿಲ್ಲ ಬಿಡಿ" ಇದೆಯಲ್ಲ, ಇದರಿಂದ ಆಗಿರುವಷ್ಟು ಅನಾಹುತ ಬೈಗುಳದಿಂದಲೂ ಆಗಿಲ್ಲ ಅಂತ ನನ್ನ ಗುಮಾನಿ. ಸಿಟಿ ಬಸ್ಸಿನಲ್ಲಿ ಹೆಬ್ಬೆರಳು ತುಳಿದರೂ ಪರವಾಗಿಲ್ಲ. ಮದುವೆ ಮನೆಯಲ್ಲಿ ನಮ್ಮ ಪಂಕ್ತಿಗೆ ಬರುವ ಹೊತ್ತಿಗೆ ಪಾಯಸ ಖಾಲಿಯಾದರೂ ಪರವಾಗಿಲ್ಲ. ಟೈಲರ್ ಯಾವುದೋ ಹುಡುಗಿಯ ಲಂಗದ ಅಳತೆಗೆ ನನ್ನ ಷರ್ಟು ಹೊಲಿದುಕೊಟ್ಟಾಗಲೂ ನಾನು ಹಾಗೇ ಅಂದು, ಬೀದಿ ತಿರುವಿನವರೆಗೆ ನಗುತ್ತಾ ಬಂದು, ಆಮೇಲೆ ಮನೆಯಲ್ಲಿ ಎಗರಾಡಿದ್ದೇನೆ. ಕೇಳುವವರು ಕೇಳಿದ ಶಾಸ್ತ್ರ ಮುಗಿಸುತ್ತಾರೆ, ನಾವು ಒಪ್ಪಿದ ಶಾಸ್ತ್ರ ಮುಗಿಸುತ್ತೇವೆ. ಒಪ್ಪಿಗೆ ಮಾತ್ರ ಎಲ್ಲೂ ಇರುವುದಿಲ್ಲ.

ಚಿಕ್ಕಂದಿನಲ್ಲಿ ನಾವು ಹೀಗಿರಲಿಲ್ಲ ಕಣ್ರೀ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಗೋಲಿ ಆಡುವ ಮೊದಲು ಅರ್ಧ ಗಂಟೆ ಜಗಳ ಖಾಯಂ. ಯಾರೋ ಒಬ್ಬ ಸೈಕಲ್ ಷಾಪಿನಿಂದ ಕಬ್ಬಿಣದ ಬೇರಿಂಗ್ ಗುಂಡು ತರುತ್ತಿದ್ದ. ಅದರಿಂದ ಹೊಡೆದರೆ ನಮ್ಮ ಗಾಜಿನ ಗೋಲಿಗಳು ಸಿಡಿದು ಹೋಗುತ್ತಿದ್ದವು. ಹಾಗಾಗಿ ಗುಂಡಿ ತೋಡುವ ಮೊದಲೇ ಎಲ್ಲರೂ ಒಟ್ಟಿಗೆ "ಬೇರಿಂಗ್ ಇಲ್ಲಾ!" ಎಂದು ಬೀದಿ ಕಿತ್ತುಹೋಗುವಂತೆ ಕೂಗಬೇಕು. ಕೂಗದೆ ಆಟ ಶುರುವಾದರೆ ಬೇರಿಂಗಿಗೆ ಒಪ್ಪಿದ ಹಾಗೆ. ಆಷಾಢದ ಗಾಳಿಗೆ ಗಾಳಿಪಟ ಹಾರಿಸುವಾಗಲೂ ಅಷ್ಟೇ: ದಾರಕ್ಕೆ ಮಾಂಜಾ ಹಾಕಿದ್ದೀಯಾ, ಬೋಳು ದಾರವಾ ಅಂತ ಮೊದಲೇ ಕೇಳಿ, ಬೆರಳಿನಿಂದ ಸವರಿ ನೋಡಿ, ಬೆರಳು ಕುಯ್ದುಕೊಂಡು, ಆಮೇಲೆ ಪಟ ಮೇಲೇರುತ್ತಿತ್ತು. ನಮಗೆ ಅಂಪೈರ್ ಇರಲಿಲ್ಲ, ಗಂಟಲಿತ್ತು. ಇಷ್ಟವಿಲ್ಲದ್ದನ್ನು ಇಷ್ಟವಿಲ್ಲ ಅಂತ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ ಆ ಹುಡುಗರೆಲ್ಲ ಮೀಸೆ ಬಂದ ಮೇಲೆ ಎಲ್ಲಿ ಹೋದರೋ ನನಗೆ ತಿಳಿಯದು. ನಾನಂತೂ ಟ್ಯುಟೋರಿಯಲ್ಲಿನ ಲೆಕ್ಕದ ಮೇಷ್ಟ್ರಾದೆ.

ನಮ್ಮ ಟ್ಯುಟೋರಿಯಲ್ಲಿನ ಎದುರು ಸಾಲಿನಲ್ಲಿ, ಒಂದು ದಿನಸಿ ಮಂಡಿಯ ಮೇಲ್ಮಹಡಿಯಲ್ಲಿ, ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಪೂಲ್ ಹಾಲ್ ಶುರುವಾಯಿತು. ಮಂಡಿ ಶೇಖರಣ್ಣನದು. ಮೂರು ತಲೆಮಾರಿನ ವ್ಯಾಪಾರ, ಹಣೆಯಲ್ಲಿ ಅಗಲಕ್ಕೆ ವಿಭೂತಿ, ಮಠಕ್ಕೆ ವರ್ಷ ವರ್ಷ ಅಕ್ಕಿ ಬೇಳೆ ಕಳಿಸುವ ಮನೆತನ. ಅಂಥವರು ಗೋದಾಮು ಖಾಲಿ ಮಾಡಿಸಿ, ಹಸಿರು ಬಟ್ಟೆ ಹೊದಿಸಿದ ಎರಡು ಟೇಬಲ್ ತಂದು ಇಟ್ಟಾಗ ಬೀದಿಯಲ್ಲಿ ಗುಸುಗುಸು ಎದ್ದಿತು. ಶೇಖರಣ್ಣ ಹೆದರಿ ಮಠದ ಸ್ವಾಮಿಗಳನ್ನೇ ಕರೆಸಿಬಿಟ್ಟರು. "ಇದು ಆಟದ ಮೇಜು ಬುದ್ಧಿ" ಅಂತ ಕೈಕಟ್ಟಿ ನಿಂತರು. ಸ್ವಾಮಿಗಳು ಒಂದು ಕೆಂಪು ಬಾಲನ್ನು ಬೆರಳಿನಿಂದ ಮೆಲ್ಲಗೆ ನೂಕಿದರು. ಅದು ಉರುಳಿ ಉರುಳಿ ಮೂಲೆಯ ಗುಂಡಿಗೆ ಬಿತ್ತು. "ಚೆನ್ನಾಗಿದೆ. ಗಲಾಟೆ ಆಗದ ಹಾಗೆ ನೋಡ್ಕೊಳ್ಳಿ" ಅಂದು ಹೊರಟುಹೋದರು. ಮಾರನೆಯ ದಿನವೇ "ಗಲಾಟೆ ಮಾಡಬಾರದು" ಎಂಬ ಬೋರ್ಡು ಗೋಡೆಗೆ ಬಂತು. ಹೊಡೆತ ಹೇಳಿಕೊಡುವ ಬೋರ್ಡು ಮಾತ್ರ ಬರಲೇ ಇಲ್ಲ.

ನಾನು ಸಂಜೆ ಬ್ಯಾಚ್ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಆಟ ನನಗೆ ಬರುತ್ತಿತ್ತು ಅಂದರೆ ನನ್ನನ್ನು ನೋಡಿದವರು ನಕ್ಕಾರು. ಯಾವ ಕೋನದಲ್ಲಿ ಬಡಿದರೆ ಬಾಲು ಎಲ್ಲಿ ಹೋಗುತ್ತದೆ ಅಂತ ಬಾಯಲ್ಲಿ ಕರಾರುವಾಕ್ಕಾಗಿ ಹೇಳಿ, ಬಗ್ಗಿ, ಗುರಿಯಿಟ್ಟು, ಬಾಲಿಗೇ ತಾಗದಂತೆ ಹೊಡೆಯುತ್ತಿದ್ದೆ. "ಮೇಷ್ಟ್ರೇ, ನೀವು ಹೇಳಿ, ನಾವು ಹೊಡೀತೀವಿ" ಅನ್ನುತ್ತಿದ್ದರು ಹುಡುಗರು.

ಅಲ್ಲಿ ಚೆನ್ನಾಗಿ ಆಡುತ್ತಿದ್ದವನು ನಂಜುಂಡ. ಅಶೋಕಪುರಂನವನು, ಅಲ್ಲಿಯೇ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಸುಟ್ಟ ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು. ಮನೆಯಲ್ಲಿ ಬುದ್ಧನ ಫೋಟೋ, ಅಂಗಡಿಯಲ್ಲಿ ಓನರಿಟ್ಟ ಲಕ್ಷ್ಮಿ ಫೋಟೋ, ಎರಡಕ್ಕೂ ಅವನದು ಒಂದೇ ನಮಸ್ಕಾರ. ಮಾತು ಕಡಿಮೆ. ಗೋಡೆಯ ಸಾಲಿನಲ್ಲಿ ಒರಗಿಸಿಟ್ಟ ಸ್ಟಿಕ್ಕುಗಳಲ್ಲಿ ಒಂದರ ಹಿಡಿಗೆ ಅವನು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದ. ಪೂಲ್ ಹಾಲ್‌ಗೆ ಸೇರಿದ ಸ್ಟಿಕ್ಕೇ ಆದರೂ ಅದು ನಂಜುಂಡನ ಸ್ಟಿಕ್ಕು ಅಂತ ಯಾರೂ ಮುಟ್ಟುತ್ತಿರಲಿಲ್ಲ.

ಅಲ್ಲಿಯ ಬಿಳಿ ಬಾಲಿನ ವಿಷಯವನ್ನೂ ಹೇಳಿಬಿಡಬೇಕು. ಪೂಲಿನಲ್ಲಿ ಸ್ಟಿಕ್ಕಿನಿಂದ ಹೊಡೆಯುವುದು ಬಿಳಿ ಬಾಲಿಗೆ. ಅದು ಹೋಗಿ ಬಣ್ಣದ ಬಾಲುಗಳನ್ನು ಗುಂಡಿಗೆ ತಳ್ಳಬೇಕು. ಶೇಖರಣ್ಣನ ಹಾಲಿನ ಮೊದಲ ಬಿಳಿ ಬಾಲು, ಯಾರದೋ ಹೊಡೆತಕ್ಕೆ ಕಿಟಕಿ ದಾಟಿ ಚರಂಡಿ ಸೇರಿತ್ತು. ಯಾರದೋ ಏನು, ನನ್ನದೇ. ಬದಲಿಗೆ ಶೇಖರಣ್ಣ ತಂದದ್ದು ಕಾಯಿನ್ ಹಾಕಿ ಆಡುವ ಟೇಬಲ್ಲಿನ ಬಿಳಿ ಬಾಲು. ಆ ಮೆಷಿನ್ನು ಬಿಳಿ ಬಾಲನ್ನು ಗುರುತು ಹಿಡಿದು ವಾಪಸ್ ಕೊಡಲಿ ಅಂತ ಅದನ್ನು ಉಳಿದವುಗಳಿಗಿಂತ ಒಂಚೂರು ಭಾರ ಮಾಡಿರುತ್ತಾರೆ. ಬಣ್ಣದ ಬಾಲಿಗೆ ಬಡಿದ ಮೇಲೂ ಅದು ಇನ್ನೊಂದು ಗೇಣು ಮುಂದಕ್ಕೆ ನುಗ್ಗುತ್ತಿತ್ತು. ನಮಗೆಲ್ಲ ಅದೇ ಅಭ್ಯಾಸವಾಗಿ, ಬಿಳಿ ಬಾಲು ಅಂದರೆ ನುಗ್ಗುವುದೇ ಅದರ ಸ್ವಭಾವ ಅಂದುಕೊಂಡಿದ್ದೆವು.

ಆ ವರ್ಷ ದಸರಾ ರಜೆಗೆ ಶೇಖರಣ್ಣ ಟೂರ್ನಮೆಂಟ್ ಇಟ್ಟರು. ಬಹುಮಾನ ಅಂದರೆ, ಊರಿನ ಒಂದು ದೊಡ್ಡ ಕ್ಲಬ್ಬಿನ ಟೇಬಲ್ಲುಗಳಲ್ಲಿ ಒಂದು ವರ್ಷ ಆಡುವ ಅವಕಾಶ. ಆ ಕ್ಲಬ್ಬಿನ ಕಾರ್ಯದರ್ಶಿಗಳು ಶೇಖರಣ್ಣನ ಮಂಡಿಯ ಹಳೆಯ ಗಿರಾಕಿ, ಅವರ ಕೃಪೆ. ಬೇರೆಯವರಿಗೆ ಅದೊಂದು ಬಹುಮಾನ, ನಂಜುಂಡನಿಗೆ ಅಷ್ಟೇ ಆಗಿರಲಿಲ್ಲ. ಅವನು ಒಮ್ಮೆ ಆ ಕ್ಲಬ್ಬಿಗೆ ರಿಪೇರಿಯಾದ ಪಂಪಿನ ಮೋಟಾರು ತಲುಪಿಸಲು ಹೋಗಿದ್ದನಂತೆ. ಕಿಟಕಿಯಲ್ಲಿ ಆ ಉದ್ದುದ್ದ ಟೇಬಲ್ಲು, ಅದರ ಮೇಲೆ ತೂಗಿದ ದೀಪ ಕಂಡಿತಂತೆ. "ಒಂದೇ ನಿಮಿಷ ಒಳಗೆ ಬಂದು ನೋಡ್ಲಾ?" ಅಂತ ಕೇಳಿದ್ದಕ್ಕೆ ಬಾಗಿಲಲ್ಲಿದ್ದವನು ತಲೆಯಿಂದ ಕಾಲಿನವರೆಗೆ ನೋಡಿ "ಮೋಟ್ರು ಇಟ್ಟಾಯ್ತಲ್ಲ, ಹೊರಡು" ಅಂದನಂತೆ. ಇದನ್ನು ನನಗೆ ಹೇಳುವಾಗ ನಂಜುಂಡ ಚಾಕ್‌ಪೀಸನ್ನು ಸ್ಟಿಕ್ಕಿನ ತುದಿಗೆ ಉಜ್ಜುತ್ತಲೇ ಇದ್ದ. "ಆ ಟೇಬಲ್ಲಲ್ಲಿ ಒಂದ್ಸಲ ಆಡ್ಬೇಕು ಸಾರ್. ಗೆದ್ದೇ ಒಳಗೆ ಹೋಗ್ಬೇಕು" ಅಂದಿದ್ದ.

ಮೊದಲ ಸುತ್ತಿನಲ್ಲೇ ಸೋತವನು ನಾನು. ಸೋತವನಿಗೆ ಪಕ್ಷಪಾತ ಇರುವುದಿಲ್ಲ ಅಂತ ಶೇಖರಣ್ಣ ನನ್ನನ್ನೇ ರೆಫರಿ ಮಾಡಿದರು. ನಂಜುಂಡ ಎಲ್ಲರನ್ನೂ ದಾಟಿ ಫೈನಲ್ಲಿಗೆ ಬಂದ. ಎದುರಾಳಿ ಕಿರಣ, ಶೇಖರಣ್ಣನ ಅಕ್ಕನ ಮಗ, ಇಂಜಿನಿಯರಿಂಗ್ ಓದುತ್ತಿದ್ದವನು. ಒಳ್ಳೆಯ ಹುಡುಗ, ಒಳ್ಳೆಯ ಆಟಗಾರ. ಅವರಪ್ಪ ಸಿಂಗಪುರದಿಂದ ಅವನಿಗೊಂದು ಸ್ವಂತ ಸ್ಟಿಕ್ಕನ್ನೂ ಬಾಲುಗಳ ಸೆಟ್ಟನ್ನೂ ತಂದುಕೊಟ್ಟು, ಮನೆಯ ಕಾರ್ ಷೆಡ್ಡಿನಲ್ಲಿ ಒಂದು ಸಣ್ಣ ಟೇಬಲ್ ಹಾಕಿಸಿದ್ದರು. ಆ ಕ್ಲಬ್ಬಿಗೆ ಅವರಪ್ಪ ಮೊದಲೇ ಮೆಂಬರು.

ಫೈನಲ್ಲು ನಡೆಯಬೇಕಿದ್ದ ದಿನ ಕರೆಂಟು ಹೋಯಿತು. ದಸರಾ ದೀಪಕ್ಕೆಲ್ಲ ಕರೆಂಟಿದೆ, ನಮ್ಮ ಬೀದಿಗಿಲ್ಲ! ಕಾದು ಕಾದು, ನಾಳೆ ಬೆಳಗ್ಗೆ ಆಡಿಸೋಣ ಅಂತ ಶೇಖರಣ್ಣ ಎಲ್ಲರನ್ನೂ ಕಳಿಸಿದರು. ಫೈನಲ್ಲು ನೋಡಲು ಬಂದಿದ್ದ ಕಾರ್ಯದರ್ಶಿಗಳೂ ಹೂಂ ಅಂದರು. ನಾಳೆ ಏನು ದಿನ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ನಾಳೆ ಆಯುಧಪೂಜೆ.

ಬೆಳಗ್ಗೆ ನಾನು ಮೆಟ್ಟಿಲು ಹತ್ತಿ ನೋಡುತ್ತೇನೆ, ಒಂದನೇ ಟೇಬಲ್ಲಿನ ಮೇಲೆ ಹೊಸ ಪಂಚೆ ಹಾಸಿ, ಹಾಲಿನ ಸ್ಟಿಕ್ಕುಗಳನ್ನೆಲ್ಲ ಸಾಲಾಗಿ ಮಲಗಿಸಿ, ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಬಾಲುಗಳು ಹಿತ್ತಾಳೆ ತಟ್ಟೆಯಲ್ಲಿ ಹಣ್ಣಿನ ಹಾಗೆ ಜೋಡಿಸಿಕೊಂಡು ಕುಂತಿವೆ. ನಡುವೆ ನಮ್ಮ ಬಿಳಿ ಬಾಲು, ನೆತ್ತಿಯ ಮೇಲೆ ಕುಂಕುಮದ ಬೊಟ್ಟು. ಬಾಗಿಲಲ್ಲಿ ಒಡೆದ ಬೂದುಗುಂಬಳ. ಪೂಜೆ ಮುಗಿದು ಮಂಗಳಾರತಿಯೂ ಆಗಿಹೋಗಿತ್ತು. ಶೇಖರಣ್ಣ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದರು.

"ಏನ್ ಮಾಡ್ಲಿ ಮೇಷ್ಟ್ರೇ? ಮಾಮೂಲಿನಂಗೆ ಬೆಳಗ್ಗೆ ಎದ್ದು ಎಲ್ಲಾ ಪೂಜೆಗಿಟ್ಬುಟ್ಟೆ. ಇಟ್ಟಾದ್ಮೇಲೆ ಫೈನಲ್ಲು ನೆನಪಾಯ್ತು. ನಾಳೆ ಬೆಳಗ್ಗೆ ಪೂಜೆ ಕದಲಿಸೋವರೆಗೂ ಮುಟ್ಟಂಗಿಲ್ಲ ಅಂತಾರೆ ನಮ್ಮಮ್ಮ."

ಶೇಖರಣ್ಣನ ತಾಯಿ ಗೌರಮ್ಮನವರು. ಹಾಲಿನ ಹಿಂದೆಯೇ ಅವರ ಮನೆ, ನಡುವೆ ಒಂದು ಬಾಗಿಲು. ಆ ಮನೆಯಲ್ಲಿ ಅವರ ಮಾತು ದಾಟುವವರು ಇರಲಿಲ್ಲ. ನಾಳೆ ಆಡಿಸೋಣವೆಂದರೆ ವಿಜಯದಶಮಿ, ಊರೆಲ್ಲ ಜಂಬೂಸವಾರಿಗೆ ಹೋಗುತ್ತದೆ, ಕಾರ್ಯದರ್ಶಿಗಳಂತೂ ಪಾಸು ಇಟ್ಟುಕೊಂಡು ಕೂತಿದ್ದಾರೆ. ಆಮೇಲೆ ಅವರು ಸಿಗುವುದಿಲ್ಲ.

"ಎರಡನೇ ಟೇಬಲ್ಲು?" ಅಂದೆ.

"ಅದಕ್ಕೆ ಅಮ್ಮ ಒಪ್ಪವ್ರೆ. ಮೇಜು ಮೇಜೇ, ಅದು ಆಯುಧ ಅಲ್ಲ ಅಂದ್ರು. ಬಾಲಿಗೆ ಕಿರಣನ ಸೆಟ್ ತರ್ಸಿದೀನಿ. ಫಳಫಳ ಅಂತೈತೆ. ನಂಜುಂಡಂಗೂ ಅವನದೇ ಇನ್ನೊಂದು ಸ್ಟಿಕ್ಕು ಕೊಡ್ಸಿದ್ರಾಯ್ತು."

ನನಗೆ ರೇಗಿತು. "ಅಲ್ರೀ ಶೇಖರಣ್ಣ, ಟೂರ್ನಮೆಂಟೆಲ್ಲ ಒಂದು ಬಾಲಲ್ಲಿ, ಫೈನಲ್ಲು ಇನ್ನೊಂದು ಬಾಲಲ್ಲಾ? ಅದೂ ಒಬ್ಬನ ಮನೆಯ ಬಾಲು! ಇಬ್ಬರೂ ಆಟಗಾರರು ಒಪ್ಪದೆ ಸಾಮಾನು ಬದಲಾಯಿಸೋ ಹಾಗಿಲ್ಲ."

"ಓ, ಅಷ್ಟೇ ತಾನೆ? ಕೇಳೋಣ ಬುಡಿ" ಅಂದರು ಶೇಖರಣ್ಣ, ಬಹಳ ಹಗುರಾಗಿ.

ಕೇಳಿದರು. ಹೇಗೆ ಕೇಳಿದರು ಅಂದರೆ, ಹಾಲ್ ತುಂಬ ಜನ. ಕಾರ್ಯದರ್ಶಿಗಳು ಮುಂದಿನ ಕುರ್ಚಿಯಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. ನಂಜುಂಡ ತನ್ನ ಅಂಗಡಿಯ ಪೂಜೆ ಮುಗಿಸಿ, ಹಣೆಗೆ ಕುಂಕುಮವಿಟ್ಟು, ಇಸ್ತ್ರಿ ಷರ್ಟು ಹಾಕಿಕೊಂಡು ಬಂದಿದ್ದ. ಒಳಗೆ ಬಂದವನೇ ಪೂಜೆಯಲ್ಲಿ ಮಲಗಿದ್ದ ತನ್ನ ಕಪ್ಪು ಟೇಪಿನ ಸ್ಟಿಕ್ಕನ್ನು ನೋಡಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಶೇಖರಣ್ಣ ಅವನ ಹೆಗಲ ಮೇಲೆ ಕೈಹಾಕಿ, ಎಲ್ಲರಿಗೂ ಕೇಳುವಂತೆ, "ಏನಪ್ಪಾ ನಂಜುಂಡ, ಇವತ್ತು ಹೊಸ ಬಾಲು, ಹೊಸ ಸ್ಟಿಕ್ಕು. ಒಂಚೂರು ಅಡ್ಜಸ್ಟ್ ಮಾಡ್ಕೋತೀಯ ತಾನೆ? ಪರವಾಗಿಲ್ವ?" ಅಂದರು.

"ಪರವಾಗಿಲ್ಲ ಬುಡಣ್ಣ" ಅಂದ ನಂಜುಂಡ.

ಶೇಖರಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಿಯಮ ಪಾಲನೆಯಾಗಿತ್ತು. ನಾನು ಬಾಲುಗಳನ್ನು ಜೋಡಿಸಿದೆ.

ಆಟ ಶುರುವಾಯಿತು. ಐದು ಫ್ರೇಮು, ಅಂದರೆ ಐದು ಆಟ, ಮೂರು ಗೆದ್ದವನದು ಫೈನಲ್ಲು. ಅಯ್ಯೋ, ಅದನ್ನು ನೋಡುವುದು ಬೇಡವಾಗಿತ್ತು ನನಗೆ. ನಂಜುಂಡ ಮೊದಲ ಬಾಲನ್ನು ಚೆನ್ನಾಗಿಯೇ ಗುಂಡಿಗೆ ಹಾಕಿದ. ಆದರೆ ಕಿರಣನ ಸೆಟ್ಟಿನ ಹಗುರ ಬಿಳಿ ಬಾಲು ಬಡಿದಲ್ಲೇ ಕಚ್ಚಿಕೊಂಡು ನಿಂತಿತು. ಅವನ ಲೆಕ್ಕದಲ್ಲಿ ಅದು ಗೇಣು ಮುಂದೆ ಹೋಗಿ ಮುಂದಿನ ಹೊಡೆತಕ್ಕೆ ಸರಿಯಾಗಿ ಕೂರಬೇಕಿತ್ತು. ಮುಂದಿನ ಹೊಡೆತ ಸಿಗಲೇ ಇಲ್ಲ. ಜೋರಾಗಿ ಹೊಡೆದು ನೋಡಿದ, ಬಿಳಿ ಬಾಲು ಟೇಬಲ್ಲಿನಿಂದ ಆಚೆ ಜಿಗಿಯಿತು. ಯಾರೋ ನಕ್ಕರು. ಸ್ಟಿಕ್ಕನ್ನು ಅವನು ಹಿಡಿದಿದ್ದ ರೀತಿಯೇ ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗಿತ್ತು. ಕಿರಣ ಮೊದಲ ಫ್ರೇಮ್ ಗೆದ್ದ, ಎರಡನೆಯದನ್ನೂ ಗೆದ್ದ. ಕಾರ್ಯದರ್ಶಿಗಳು ಗಡಿಯಾರ ನೋಡಿ "ಪರವಾಗಿಲ್ಲ, ಬೇಗ ಮುಗಿಯುತ್ತೆ" ಅಂದರು.

ಅಷ್ಟರಲ್ಲಿ ಒಳಗಿನಿಂದ ಊಟದ ಕರೆ ಬಂತು. ಹಬ್ಬದ ದಿನ, ಎಲೆ ಹಾಕುವವರೆಗೆ ಸ್ವಲ್ಪ ಬಿಡುವು ಅಂದರು ಶೇಖರಣ್ಣ. ನಂಜುಂಡ ಕೈತೊಳೆಯಲು ಹಿಂದಿನ ಬಚ್ಚಲಿಗೆ ಹೋದ. ನಾನು ಮಜ್ಜಿಗೆಯ ಆಸೆಗೆ ಅವನ ಹಿಂದೆಯೇ ಹೋದೆ. ಬಚ್ಚಲಿಗೆ ದಾರಿ ಅಡುಗೆಮನೆ ದಾಟಿಕೊಂಡೇ. ಅಲ್ಲಿ ಗೌರಮ್ಮನವರು ಈಳಿಗೆಮಣೆಯ ಮುಂದೆ ಕೂತು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ನಂಜುಂಡ ಬಾಗಿಲಲ್ಲೇ ತಡೆದು ನಿಂತ.

"ಬಾ ಒಳೀಕೆ. ಯಾಕ್ ನಿಂತ್ಕಂಡೆ? ಮುಖ ಯಾಕಪ್ಪ ಹಿಂಗೆ ಸಣ್ಣಗಾಗೈತೆ?"

"ಏನಿಲ್ಲ ಕಣಮ್ಮ."

"ಏನಿಲ್ದೆ ಆಗಲ್ಲ. ಹೇಳು, ಇಲ್ಲಿ ಯಾರವ್ರೆ? ಈ ಮೇಷ್ಟ್ರೊಬ್ರು, ಅವರ ಕಣ್ಣೆಲ್ಲ ಮಜ್ಜಿಗೆ ಮೇಲೈತೆ."

ಅದು ನಿಜವೇ ಆಗಿತ್ತು. ನಂಜುಂಡ ಒಳಗೆ ಬಂದು ಗೋಡೆಗೆ ಒರಗಿದ. ಆಮೇಲೆ ಮೆಲ್ಲಗೆ ಅಂದ: "ನನ್ನ ಸ್ಟಿಕ್ಕು, ದಿನಾ ಆಡೋ ಬಾಲು, ಎರಡೂ ಪೂಜೇಲಿ ಕೂತವೆ ಅಮ್ಮ. ಇನ್ನೊಬ್ಬರ ಚಪ್ಲಿ ಹಾಕ್ಕೊಂಡು ಓಡು ಅಂದಂಗಾಗೈತೆ ನಂಗೆ."

"ಮತ್ತೆ ಪರವಾಗಿಲ್ಲ ಅಂದ್ಯಂತೆ? ಶೇಖರ ಬಂದು ಹೇಳ್ದ, ಅವನೇ ಒಪ್ಪವ್ನೆ ಅಂತ."

"ಅಷ್ಟು ಜನರ ಮುಂದೆ ಇನ್ನೇನಮ್ಮ ಹೇಳ್ಲಿ? ಅಣ್ಣ ಹೆಗಲ ಮೇಲೆ ಕೈ ಹಾಕ್ಕೊಂಡು ಕೇಳ್ತಾವ್ರೆ. ಆಗಲ್ಲ ಅಂದ್ರೆ ಅಹಂಕಾರ ಅನ್ನಲ್ವ? ನಂಗೆ ಅಲ್ಲಿಗೆ ಹೋಗಿ ಆಡ್ಬೇಕು ಅಂತ ಎಷ್ಟು ಆಸೆ ಐತೆ ಗೊತ್ತಾ ನಿಮಗೆ?"

ಗೌರಮ್ಮನವರು ಸೌತೆಕಾಯಿ ಹೆಚ್ಚುತ್ತಲೇ ಇದ್ದರು. ಆಗ ನನ್ನ ಕಣ್ಣು ಈಳಿಗೆಮಣೆಯ ಮೇಲೆ ಬಿತ್ತು. ಅದರ ಅಲಗಿನ ಬುಡದಲ್ಲಿ ವಿಭೂತಿ, ಕುಂಕುಮ, ಒಂದು ಸೇವಂತಿಗೆ ಎಸಳು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಅಮ್ಮ, ಈಳಿಗೆಮಣೇನೂ ಪೂಜೇಲಿತ್ತಲ್ವ?"

"ಇತ್ತು."

"ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟಂಗಿಲ್ಲ ಅಂದ್ರಂತೆ?"

"ಅಡುಗೆ ಆಗ್ಬೇಕಲ್ಲಪ್ಪ! ಕೈಮುಗ್ದು, ತಪ್ಪಾಯ್ತು ಅಂತ ಕೇಳ್ಕಂಡು ತಗೊಂಡೆ. ಇಲ್ದಿದ್ರೆ ನೀವೆಲ್ಲ ಏನ್ ಉಣ್ತೀರಿ?" ಅಂದವರು, ಅಂದ ಮೇಲೆ ಕೈ ನಿಲ್ಲಿಸಿದರು. ಈಳಿಗೆಮಣೆ ನೋಡಿದರು. ನಂಜುಂಡನನ್ನು ನೋಡಿದರು. ನನ್ನನ್ನಂತೂ ಕೆಕ್ಕರಿಸಿಕೊಂಡು ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹಾಲಿಗೆ ನಡೆದರು. ಆ ಹಾಲಿಗೆ ಅವರು ಆಟದ ಹೊತ್ತಿನಲ್ಲಿ ಬಂದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಕೂತಿದ್ದವರೆಲ್ಲ ಎದ್ದು ನಿಂತರು, ಕಾರ್ಯದರ್ಶಿಗಳೂ ಸಹ.

ಗೌರಮ್ಮನವರು ಪೂಜೆಯ ಮುಂದೆ ನಿಂತು ಕೈಮುಗಿದು, ಬಾಯಲ್ಲಿ ಏನೋ ಹೇಳಿಕೊಂಡು, ಕಪ್ಪು ಟೇಪಿನ ಸ್ಟಿಕ್ಕನ್ನು ಒಂಚೂರು ಉತ್ತರಕ್ಕೆ ಸರಿಸಿದರು. ಬಿಳಿ ಬಾಲನ್ನು ತಟ್ಟೆಯಲ್ಲೇ ಒಂದು ಸುತ್ತು ಉರುಳಿಸಿದರು. "ಹೂಂ, ಕದಲಿಸಿದ್ದಾಯ್ತು. ತಗೊಳ್ರಪ್ಪ" ಅಂದರು.

"ಅಮ್ಮಾ, ನೀನೇ ಅಲ್ವಾ ಬೆಳಗ್ಗೆ..." ಅಂತ ಶೇಖರಣ್ಣ ಬಾಯಿ ತೆರೆದರು.

"ನಾನೇ. ಒಲೆ ಮುಂದೆ ಒಂದು ಶಾಸ್ತ್ರ, ಆಟದ ಮುಂದೆ ಒಂದು ಶಾಸ್ತ್ರ ಮಾಡಿದ್ದೂ ನಾನೇ. ಆಯುಧಕ್ಕೆ ಪೂಜೆ ಮಾಡೋದು ಅದು ಕೈ ಹಿಡೀಲಿ ಅಂತ ಕಣೋ, ಕೈಯಿಂದ ಕಿತ್ಕೊಳ್ಲಿ ಅಂತಲ್ಲ."

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. "ನೋಡಿ, ಎರಡು ಫ್ರೇಮ್ ಆದ ಮೇಲೆ ಸಾಮಾನು ಬದಲಾಯಿಸೋದು ಅಂದ್ರೆ ಆಟಕ್ಕೆ ಒಂದು ಬೆಲೆ ಬೇಡ್ವೆ? ಹುಡುಗ ಮೊದಲೇ ಒಪ್ಪಿಕೊಂಡಿದ್ದ. ನಾವೆಲ್ಲ ಕೇಳಿಸ್ಕೊಂಡಿದ್ದೀವಿ. ಈಗ ಸೋಲ್ತಾ ಇರೋದಕ್ಕೆ ಮಾತು ತಿರುಗಿಸೋದು ಸರಿಯಲ್ಲ."

ಇಡೀ ಹಾಲ್ ತಣ್ಣಗಾಯಿತು. ಆ ಮನುಷ್ಯ ಮುನಿಸಿಕೊಂಡರೆ ಆ ಕ್ಲಬ್ಬಿನ ಬಾಗಿಲು ಅಲ್ಲಿಗೇ ಮುಚ್ಚಿದ ಹಾಗೆ ಅಂತ ಎಲ್ಲರಿಗೂ ಗೊತ್ತಿತ್ತು, ನಂಜುಂಡನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಅವನ ಮುಖ ನೋಡಿದೆ. ಇನ್ನೇನು, ಇನ್ನೊಂದು ಸಲ "ಪರವಾಗಿಲ್ಲ ಬುಡಿ" ಅಂದುಬಿಡುತ್ತಾನೆ ಅಂದುಕೊಂಡೆ.

"ನಾನು ಒಪ್ಪಿರ್ಲಿಲ್ಲ ಸಾರ್," ಅಂದ ನಂಜುಂಡ. ಎಲ್ಲರಿಗೂ ಕೇಳಿಸಿತು. "ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ, ಅಷ್ಟೇ. ಆ ಎರಡು ಫ್ರೇಮು ಕಿರಣನದೇ, ಇರ್ಲಿ. ಇನ್ನು ಮುಂದೆ ಆ ಬಾಲಲ್ಲಿ ನಾನು ಆಡಲ್ಲ."

ಆಗ ನಾನು ರೆಫರಿ ಅನ್ನುವುದು ನೆನಪಾಗಿ, ಕಿರಣನನ್ನು ಕರೆದುಕೊಂಡು ಅಡುಗೆಮನೆಗೆ ಹೋದೆ. ಒಬ್ಬನನ್ನು ಜನರ ಮುಂದೆ ಕೇಳಿ ಕೆಟ್ಟಿದ್ದೆವು, ಇನ್ನೊಬ್ಬನನ್ನೂ ಹಾಗೆ ಕೇಳುವುದು ಬೇಡ ಅನ್ನಿಸಿತು. ಆಮೇಲಿನ ವರ್ಷಗಳಲ್ಲಿ ಆ ಹಾಲಿನ ಟೂರ್ನಮೆಂಟುಗಳಲ್ಲೆಲ್ಲ ಇದೇ ಪದ್ಧತಿಯಾಯಿತು. ಟೇಬಲ್ಲಿನ ಬಟ್ಟೆ ಬದಲಾಗಲಿ, ಬಾಲು ಬದಲಾಗಲಿ, ಆಟಗಾರರನ್ನು ಒಬ್ಬೊಬ್ಬರನ್ನಾಗಿ ಗೌರಮ್ಮನವರ ಅಡುಗೆಮನೆಗೆ ಕರೆದು ಕೇಳುವುದು. ಕೆಲವರು ಕೋಡುಬಳೆಗೋಸ್ಕರ ಎರಡು ಸಲ ಬಂದು ಅಭಿಪ್ರಾಯ ಹೇಳುತ್ತಿದ್ದರು.

ಆ ದಿನ ಕಿರಣನ ಮುಖ ಕೆಂಪಾಗಿತ್ತು. "ನಾನೇನು ಮೋಸ ಮಾಡಿದ್ನಾ ಸರ್? ಮಾಮ ಬಾಲು ತಾ ಅಂದ್ರು, ತಂದೆ. ಎಲ್ಲರೂ ನನ್ನ ಕಳ್ಳನ ಥರ ನೋಡ್ತಿದ್ದಾರೆ."

"ಯಾರೂ ಮೋಸ ಮಾಡಿಲ್ಲ ಕಣಯ್ಯ," ಅಂದೆ. "ನಿಮ್ಮ ಮಾಮ ಮಾಡಿಲ್ಲ, ಅಜ್ಜಿ ಮಾಡಿಲ್ಲ, ನೀನೂ ಮಾಡಿಲ್ಲ. ಆದ್ರೂ ಅವನಿಗೆ ಅನ್ಯಾಯ ಆಯ್ತು. ಯಾರನ್ನಾದ್ರೂ ಬೈಯೋಣ ಅಂದ್ರೆ ಒಬ್ರೂ 'ನಾನು' ಅಂತ ಬರಲ್ಲ, ಅದೇ ಕಷ್ಟ. ಈಗ ಹಳೇ ಬಾಲಲ್ಲಿ ಆಡೋದು ನಿನಗೆ ಆಗುತ್ತಾ ಹೇಳು. ಆಗಲ್ಲ ಅಂದ್ರೂ ಸರಿಯೇ."

ಹುಡುಗ ಬಾಗಿಲಿನಿಂದ ಪೂಲ್ ಹಾಲ್ ಕಡೆ ನೋಡಿದ. "ಇಷ್ಟು ದಿನ ನಾನೂ ಅದರಲ್ಲೇ ಆಡಿದ್ದು. ಆಗುತ್ತೆ. ಆದ್ರೆ ಆ ಎರಡು ಫ್ರೇಮು ಬೇಡ ಸರ್ ನಂಗೆ. ಮೊದಲಿಂದ ಆಡ್ತೀವಿ."

ಹಾಲಿಗೆ ಬಂದು ಇದನ್ನು ಹೇಳಿದ್ದೇ ಶುರುವಾಯಿತು ನಮ್ಮೂರಿನ ಇನ್ನೊಂದು ರೋಗ. ನಂಜುಂಡ "ಇಲ್ಲ, ಗೆದ್ದಿದ್ದು ಗೆದ್ದಿದ್ದೇ, ಇರ್ಲಿ" ಅನ್ನುತ್ತಾನೆ. ಕಿರಣ "ಬೇಡ ಅಂದ್ರೆ ಬೇಡ" ಅನ್ನುತ್ತಾನೆ. ಹೋಟೆಲಿನಲ್ಲಿ ಬಿಲ್ಲಿಗೆ ಕಿತ್ತಾಡುವ ನೆಂಟರು ನೋಡಿ, ಹಾಗೆ. ಕೊನೆಗೆ ಗೌರಮ್ಮನವರು "ಮೊದ್ಲಿಂದ ಆಡ್ರೋ, ಅನ್ನ ಆರ್ತೈತೆ" ಅಂದ ಮೇಲೆ ಇಬ್ಬರೂ ಬಾಯಿ ಮುಚ್ಚಿದರು. ಕಾರ್ಯದರ್ಶಿಗಳು ಎದ್ದು ಹೋಗುತ್ತಾರೆ ಅಂದುಕೊಂಡೆ. ಒಳಗಿನಿಂದ ಒಬ್ಬಟ್ಟಿನ ತುಪ್ಪದ ಘಮ ಬಂತು, ಅವರು ಕೂತರು.

ಊಟವಾದ ಮೇಲೆ ಆಡಿದ ಆ ಆಟದಂಥದ್ದನ್ನು ಆ ಪೂಲ್ ಹಾಲ್ ಮತ್ತೆ ನೋಡಲಿಲ್ಲ. ನಂಜುಂಡ ತನ್ನ ಸ್ಟಿಕ್ಕು ಕೈಗೆ ಬಂದ ಕೂಡಲೇ ಬೇರೆ ಮನುಷ್ಯನೇ ಆಗಿಬಿಟ್ಟ. ನಮ್ಮ ಭಾರದ ಬಿಳಿ ಬಾಲು ಅವನು ಹೇಳಿದಲ್ಲಿ ಹೋಗಿ, ಹೇಳಿದಲ್ಲಿ ನಿಲ್ಲುತ್ತಿತ್ತು. ಒರೆಸಿದರೂ ಹೋಗದ ಕುಂಕುಮದ ಒಂದು ಚುಕ್ಕಿ ಹಸಿರು ಬಟ್ಟೆಯ ಮೇಲೆ ತಿರುಗುತ್ತಾ ಓಡುತ್ತಿತ್ತು. ಕಿರಣನೂ ಬಿಟ್ಟುಕೊಡಲಿಲ್ಲ. ಇವನೊಂದು ಫ್ರೇಮ್ ಗೆದ್ದರೆ ಅವನೊಂದು. ಕೊನೆಯ ಫ್ರೇಮಿಗೆ ಸಮಸಮ ಬಂದರು. ಕೊನೆಯ ಫ್ರೇಮಿನಲ್ಲಿ ಉಳಿದದ್ದು ಕಪ್ಪು ಬಾಲೊಂದೇ. ಅದನ್ನು ಹಾಕಿದವನು ಗೆದ್ದ ಹಾಗೆ. ಸರದಿ ನಂಜುಂಡನದು. ನಡುವಿನ ಗುಂಡಿ, ನೇರ ಹೊಡೆತ. ನಾನೂ ಹಾಕಬಹುದಾಗಿತ್ತು, ಸಾಕ್ಷಾತ್ ನಾನು!

ನಂಜುಂಡ ಬಗ್ಗಿ ಗುರಿಯಿಟ್ಟ. ಹೊಡೆಯುವ ಮುಂಚೆ ತಲೆಯೆತ್ತಿ ಒಂದು ಸಲ ಕಾರ್ಯದರ್ಶಿಗಳನ್ನು ನೋಡಿದ. ಹೊಡೆದ. ಕಪ್ಪು ಬಾಲು ಗುಂಡಿಯ ಬಾಯಲ್ಲಿ ಆ ಕಡೆ ಈ ಕಡೆ ಅಲ್ಲಾಡಿ ಹೊರಗೆ ನಿಂತಿತು. ಕಿರಣ ಬಂದು ಅದನ್ನು ಹಾಕಿದ. ಗೆದ್ದವನು ಕುಣಿಯಲಿಲ್ಲ, ನಂಜುಂಡನ ಕೈ ಹಿಡಿದುಕೊಂಡು ಬಿಡಲಿಲ್ಲ. ತನಗೆ ಬೇಕಿಲ್ಲದ ಬಹುಮಾನವನ್ನು ಇವನಿಗೆ ಕೊಡಬಹುದೇ ಅಂತ ಕೂಡ ಕಾರ್ಯದರ್ಶಿಗಳನ್ನು ಕೇಳಿದ. ಹಾಗೆಲ್ಲ ಬರೋದಿಲ್ಲ ಅಂದರು ಅವರು, ವೀಳ್ಯದೆಲೆಗೆ ಸುಣ್ಣ ಸವರುತ್ತಾ.

ನನಗೆ ಸಂಕಟವಾಗಿ ಅಲ್ಲಿ ನಿಲ್ಲಲಾಗಲಿಲ್ಲ. ನಂಜುಂಡನ ಹಿಂದೆಯೇ ಮೆಟ್ಟಿಲಿಳಿದು ಬಂದೆ. ಅವನು ಕೆಳಗೆ, ಮಂಡಿಯ ಬಾಗಿಲಲ್ಲಿ, ಗೌರಮ್ಮನವರು ಕಟ್ಟಿಕೊಟ್ಟ ಒಬ್ಬಟ್ಟಿನ ಪೊಟ್ಟಣ ಹಿಡಿದುಕೊಂಡು ನಿಂತಿದ್ದ. ನಾನು ಶುರುಮಾಡಿದೆ: ಬೆಳಗ್ಗೆಯೇ ಸರಿಯಾದ ಬಾಲಲ್ಲಿ ಆಡಿಸಿದ್ದರೆ ನಿನ್ನ ಮನಸ್ಸು ಹೀಗೆ ಕಲಕುತ್ತಿರಲಿಲ್ಲ, ಅಂಥಾ ಹೊಡೆತ ನೀನು ತಪ್ಪುವವನೇ ಅಲ್ಲ, ಆ ಕಾರ್ಯದರ್ಶಿ ಒಬ್ಬ, ಈ ಶೇಖರಣ್ಣ ಒಬ್ಬ...

"ಬೇಡ ಸಾರ್, ಅದನ್ನ ಅವರ ಮೇಲೆ ಹಾಕ್ಬೇಡಿ," ಅಂದ ನಂಜುಂಡ. ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. "ಆವತ್ತು ಆ ಕ್ಲಬ್ಬಿನ ಬಾಗಿಲಲ್ಲಿ ನಂಗೆ ಸೋಲಕ್ಕೂ ಬಿಡ್ಲಿಲ್ಲ. ಬೆಳಗ್ಗೆ ಇಲ್ಲೂ ಅಷ್ಟೇ, ಸೋಲ್ತಿದ್ದಿದ್ದು ನಾನಲ್ಲ. ಈಗಿನದು ಹಂಗಲ್ಲ ಸಾರ್. ಬಾಲು ನಂದು, ಸ್ಟಿಕ್ಕು ನಂದು, ತಲೆ ಎತ್ತಿ ಅವರನ್ನ ನೋಡಿದ್ದೂ ನಾನೇ. ನಾನು ಸೋತೆ. ಅದನ್ನಾದ್ರೂ ನಂಗೆ ಬುಡಿ."

ಅಷ್ಟು ಹೇಳಿ ಅವನು ಪೊಟ್ಟಣವನ್ನು ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಅಶೋಕಪುರಂ ಕಡೆಗೆ ಹೊರಟ. ನಾನು ಅವನ ಮಾತಿಗೆ ಒಪ್ಪಿ, ಬಾಯಿ ಮುಚ್ಚಿಕೊಂಡು ನಿಂತೆ.